ಅಜ್ಜಿಯ ಕಿವಿ, ಚಿಕ್ಕಪ್ಪನ ಕವೆ

ಪಾರ್ಸೆಲ್ ಬಂದರೆ ನಾನು ಮೊದಲು ಬಿಚ್ಚುವುದಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇನೆ. ತಂದುಕೊಡುವವನಿಗೆ ಈಗ ಇದು ಅಭ್ಯಾಸವಾಗಿದೆ. ಮೊದಲ ಸಲ ಮಾತ್ರ "ಅಕ್ಕಾ, ಗಾಜು ಅಂತ ಬರ್ದವ್ರೆ, ನಿಧಾನ" ಎಂದು ಕೈ ಅಡ್ಡ ತಂದಿದ್ದ. ಏನು ಮಾಡುವುದು, ತೆಂಗಿನ ಸೀಮೆಯಲ್ಲಿ ಹುಟ್ಟಿದವರ ಚಾಳಿ ಇದು. ಕೈಗೆ ಏನು ಕೊಟ್ಟರೂ, ಬೆಂಕಿಪೊಟ್ಟಣವಾಗಲಿ ಮಾತ್ರೆಯ ಡಬ್ಬಿಯಾಗಲಿ, ಒಳಗೇನಿದೆ ಎಂದು ಕಣ್ಣಿಗಿಂತ ಮೊದಲು ಕಿವಿಯನ್ನು ಕೇಳುತ್ತೇವೆ. ಕಳೆದ ವಾರ ಬಂದ ಡಬ್ಬದೊಳಗೆ ಸಾಮಾನಿನ ಕಟ್ಟು ಸಡಿಲಾಗಿ ಗುಡುಗುಡು ಅಂದಿತು. ಒಣಗಿದ, ದುಂಡಗಿನ, ತುಂಬಿದ ಸದ್ದು. ಬಲಿತ ಉಂಡೆ ಕೊಬ್ಬರಿ ಕರಟ ಬಿಟ್ಟು ಒಳಗೇ ಹೊರಳುವಾಗ ಬರುವ ಸದ್ದು ಅದೇ. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ತಿಪಟೂರಿನ ಮಧ್ಯಾಹ್ನದ ಬಿಸಿಲು, ಎದುರು ಮನೆಯ ಮಿಕ್ಸಿ, ಸಹಿ ಮಾಡಿ ಎಂದು ಅವನು ಚಾಚಿದ ಮೊಬೈಲು, ಎಲ್ಲವೂ ಹಿಂದೆ ಸರಿದು ಮೂಗಿಗೆ ನಮ್ಮ ಹಳೇ ಮನೆಯ ಅಟ್ಟದ ವಾಸನೆ ಬಂತು. ಒಲೆಯ ಹೊಗೆ, ಧೂಳು, ಒಣಗಿದ ನಾರು, ಅದರಡಿಯಲ್ಲಿ ಎಲ್ಲೋ ಸಿಹಿಯಾದ ಎಣ್ಣೆ. "ಅಕ್ಕಾ, ಸೈನು" ಅಂತ ಅವನು ಎರಡನೇ ಸಲ ಕೇಳಿದ ಮೇಲೆ ಬೆರಳಲ್ಲಿ ಸಹಿ ಗೀಚಿದೆ.

ಡಬ್ಬದಲ್ಲಿದ್ದದ್ದು ಒಂದು ಬುಗುರಿ. ದಾರ ಸುತ್ತಿ ಬಿಟ್ಟರೆ ಲೋಟದ ಅಂಚಿನ ಮೇಲೆ ಓರೆಯಾಗಿ ನಿಂತು, ಬೀಳದೆ ತಿರುಗುವ ಬುಗುರಿ. ಇಂಥವು ನನ್ನ ಹತ್ತಿರ ಬೇಕಾದಷ್ಟಿವೆ. ಬೇರೆಯವರು ಗೊಂಬೆ, ಕಪ್ಪು, ದೇವರ ಮೂರ್ತಿ ಇಡುವ ಶೋಕೇಸಿನಲ್ಲಿ ನಾನು ಇವನ್ನು ಇಟ್ಟಿದ್ದೇನೆ. ಕೊಕ್ಕು ಅದ್ದಿ ಅದ್ದಿ ನೀರು ಕುಡಿಯುವ ಗಾಜಿನ ಹಕ್ಕಿ, ಬೆಳಕು ಬಿದ್ದರೆ ತಾನಾಗಿ ಸುತ್ತುವ ರೆಕ್ಕೆಗಳಿರುವ ಗಾಜಿನ ಬುರುಡೆ, ಬಿಸಿಲನ್ನು ಸೀಳುವ ಮುಕ್ಕೋನದ ಗಾಜು, ಅಯಸ್ಕಾಂತ ಹತ್ತಿರ ತಂದರೆ ಮುಳ್ಳುಹಂದಿಯ ಹಾಗೆ ಮೈ ನಿಮಿರಿಸುವ ಕಪ್ಪು ಎಣ್ಣೆಯ ಸೀಸೆ. ನಮ್ಮ ಯಜಮಾನರು ಪ್ರತಿ ಸಲವೂ ಕೇಳುವುದು ಒಂದೇ ಪ್ರಶ್ನೆ. "ಇದು ಏನು ಮಾಡುತ್ತೆ?" ತಿರುಗುತ್ತೆ ಅನ್ನುತ್ತೇನೆ. "ತಿರುಗಿ?" ತಿರುಗಿ ಏನೂ ಇಲ್ಲ, ತಿರುಗುತ್ತೆ ಅಷ್ಟೆ. ಅವರು ಪೇಪರು ಮುಖಕ್ಕೆ ಹಿಡಿಯುತ್ತಾರೆ. ಮೆಡಿಕಲ್ ಅಂಗಡಿಯಲ್ಲಿ ಇಡೀ ದಿನ ಉಪಯೋಗಕ್ಕೆ ಬರುವ ಸಾಮಾನನ್ನೇ ಮಾರುವವಳಿಗೆ, ಮನೆಗೆ ಬಂದ ಮೇಲೆ ಯಾವ ಉಪಯೋಗಕ್ಕೂ ಬಾರದ ನಾಲ್ಕು ಸಾಮಾನು ಎದುರಿಗಿದ್ದರೆ ಜೀವಕ್ಕೆ ಹಿತ ಎಂದು ಅವರಿಗೆ ಹೇಳಿದ್ದೇನೆ. ಅದು ಅರ್ಧ ನಿಜ. ಉಳಿದರ್ಧ ಚಿಕ್ಕಪ್ಪನ ಕಥೆ, ಅಜ್ಜಿಯ ಕಥೆ. ಹೇಳಲು ಕೂತರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಇಷ್ಟು ವರ್ಷವಾದರೂ ತಿಳಿದಿಲ್ಲ.

ನಮ್ಮೂರು ಬಿಳಿಗೆರೆಯಿಂದ ಒಳಕ್ಕೆ. ಮನೆ ದೊಡ್ಡದೇನಲ್ಲ, ಆದರೆ ಅಟ್ಟ ಮಾತ್ರ ಮನೆಗಿಂತ ದೊಡ್ಡದು ಎಂದು ಊರವರು ತಮಾಷೆ ಮಾಡುತ್ತಿದ್ದರು. ನಮ್ಮ ಸೀಮೆಯಲ್ಲಿ ತೆಂಗಿನಕಾಯಿಯನ್ನು ಕಿತ್ತ ಕೂಡಲೇ ಮಾರಿ ಕೈ ತೊಳೆದುಕೊಳ್ಳುವುದಿಲ್ಲ. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೇರಿಸಿ ವರ್ಷದಷ್ಟು ಕಾಲ ಸುಮ್ಮನೆ ಬಿಟ್ಟುಬಿಡುತ್ತೇವೆ. ಮುಟ್ಟುವಂತಿಲ್ಲ, ಅವಸರ ಮಾಡುವಂತಿಲ್ಲ. ಕೆಳಗೆ ಮನುಷ್ಯರು ಉಣ್ಣುತ್ತಾ ಜಗಳವಾಡುತ್ತಾ ಇರುವಾಗ ಮೇಲೆ ಕತ್ತಲಲ್ಲಿ ಕಾಯಿಯೊಳಗಿನ ನೀರು ತಾನಾಗಿ ಇಂಗುತ್ತಾ, ತಿರುಳು ಒಣಗುತ್ತಾ, ಕೊನೆಗೆ ಕರಟದಿಂದ ಬಿಡಿಸಿಕೊಂಡು ಉಂಡೆಯಾಗುತ್ತದೆ. ಒಳಗೆ ಏನಾಗಿದೆ ಎಂದು ತಿಳಿಯುವ ದಾರಿ ಒಂದೇ, ಸದ್ದು. ಹೊಸ ಕಾಯಿ ಅಲ್ಲಾಡಿಸಿದರೆ ಗಳಗಳ ಅನ್ನುತ್ತದೆ. ನಡುವೆ ಒಂದು ಕಾಲ ಬರುತ್ತದೆ, ನೀರು ಇಂಗಿರುತ್ತದೆ, ತಿರುಳು ಇನ್ನೂ ಬಿಟ್ಟಿರುವುದಿಲ್ಲ. ಆಗ ಕಾಯಿ ಮಾತು ಬಿಟ್ಟಿದೆ ಅನ್ನುತ್ತಿದ್ದಳು ಅಜ್ಜಿ. ಆ ಹೊತ್ತಿನಲ್ಲಿ ಒಡೆದರೆ ಕೆಟ್ಟೆವು. ತಿರುಳು ಕರಟಕ್ಕೆ ಕಚ್ಚಿಕೊಂಡು ಚೂರುಚೂರಾಗಿ ಬರುತ್ತದೆ, ಇಟ್ಟರೆ ಬೂಷ್ಟು ಹಿಡಿಯುತ್ತದೆ. ಆಮೇಲೆ ಒಂದು ದಿನ ಅದೇ ಕಾಯಿ ಗುಡುಗುಡು ಎಂದು ಮತ್ತೆ ಮಾತಾಡುತ್ತದೆ. ಆಗಲೇ ಅಟ್ಟ ಇಳಿಸುವುದು.

ಅಜ್ಜಿಯ ಹೆಸರು ಪುಟ್ಟನಂಜಮ್ಮ. ಅಪ್ಪನ ತಾಯಿ. ಆ ಗುಡುಗುಡುವನ್ನು ಅವಳಷ್ಟು ಚೆನ್ನಾಗಿ ಬಲ್ಲವರು ನಮ್ಮ ಬೀದಿಯಲ್ಲಿ ಇರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಏಣಿ ಹತ್ತಿ, ಅಟ್ಟದ ಮೂಲೆ ಮೂಲೆಯಿಂದ ಒಂದೊಂದು ಕಾಯಿ ಎತ್ತಿ ಕಿವಿಗೆ ಹಿಡಿದು ಅಲ್ಲಾಡಿಸುವಾಗ ಕೆಳಗೆ ನಾವ್ಯಾರೂ ಉಸಿರೆತ್ತುವಂತಿರಲಿಲ್ಲ. ಮಗ್ಗುಲ ಮನೆಯವರೂ ಕರೆಯುತ್ತಿದ್ದರು. "ಪುಟ್ಟನಂಜಕ್ಕ ಒಂದ್ಸಲ ಅಲ್ಲಾಡ್ಸಿ ನೋಡ್ಲಿ, ಆಮ್ಯಾಕೆ ಇಳ್ಸಾನೆ." ಅವಳು ಇಳಿಸಿ ಎಂದರೆ ಇಳಿಸುತ್ತಿದ್ದರು, ಬ್ಯಾಡ ಎಂದರೆ ಏಣಿ ತೆಗೆದಿಡುತ್ತಿದ್ದರು. ಅದಕ್ಕೆ ಅವಳು ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ, ಒಂದು ಲೋಟ ಕಾಫಿ ಬಿಟ್ಟು. ತಾತ ಬೇಗ ಹೋಗಿದ್ದರು, ತೋಟ ಅಪ್ಪನ ಕೈಗೆ ಬಂದಿತ್ತು, ಅಡುಗೆಮನೆ ಅಮ್ಮನ ಕೈಗೆ. ಅಜ್ಜಿಗೆ ಅಂತ ಉಳಿದದ್ದು ಆ ಏಣಿಯೊಂದೇ ಎಂದು ಆಗ ನನಗೆ ತಿಳಿದಿರಲಿಲ್ಲ.

ಇನ್ನು ಚಿಕ್ಕಪ್ಪ. ಅವನ ಹೆಸರು ಸದಾಶಿವ, ಅಜ್ಜಿಯ ಕಿರಿ ಮಗ, ಮದುವೆಯಾಗಿರಲಿಲ್ಲ. ತುರುವೇಕೆರೆಯಲ್ಲಿ ಒಂದು ಹೈಸ್ಕೂಲಿನ ಪ್ರಯೋಗಾಲಯದಲ್ಲಿ ಅಟೆಂಡರ್ ಆಗಿದ್ದ. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತಿದ್ದ, ಬರುವಾಗ ಕೈಯಲ್ಲಿ ಏನಾದರೂ ಇದ್ದೇ ಇರುತ್ತಿತ್ತು. ಮೇಷ್ಟರು ಬೇಡವೆಂದು ತೆಗೆದಿಟ್ಟ ಬಿರುಕು ಬಿಟ್ಟ ಮಸೂರ, ಮುಳ್ಳು ಮುರಿದ ದಿಕ್ಸೂಚಿ, ಗುಜರಿಯಲ್ಲಿ ಸಿಕ್ಕಿದ ರೇಡಿಯೋ ಹೊಟ್ಟೆಯ ಅಯಸ್ಕಾಂತ. ವರ್ಷಕ್ಕೊಮ್ಮೆ ಬೆಂಗಳೂರಿಗೆ ಹೋದಾಗ ನೀರು ಕುಡಿಯುವ ಹಕ್ಕಿಯಂಥದ್ದು ಒಂದು ಬರುತ್ತಿತ್ತು. ನಮ್ಮ ನಡುಮನೆಯ ಗೋಡೆಯಲ್ಲಿ ದೀಪ ಇಡುವ ಗೂಡುಗಳಿದ್ದವು. ಕರೆಂಟು ಬಂದ ಮೇಲೆ ಖಾಲಿ ಬಿದ್ದಿದ್ದವು. ಅವನ್ನೆಲ್ಲ ಚಿಕ್ಕಪ್ಪ ಹಿಡಿದುಕೊಂಡ. ಗೂಡಿಗೊಂದು ಸಾಮಾನು. ಸಂಜೆ ದನ ಕಟ್ಟಿ ಕೈಕಾಲು ತೊಳೆದ ಮೇಲೆ ಅವನು ಒಂದೊಂದನ್ನೇ ಇಳಿಸಿ ತನ್ನ ಪಂಚೆಯ ತುದಿಯಿಂದ ಒರೆಸುತ್ತಿದ್ದ. ನಾನು ಪಕ್ಕದಲ್ಲಿ ಕೂತು ಬಾಯಿ ತೆರೆದು ನೋಡುತ್ತಿದ್ದೆ. ಮುಟ್ಟಬೇಡ ಎಂದು ಅವನು ಒಂದು ದಿನವೂ ಹೇಳಲಿಲ್ಲ. ಒಡೆದರೆ ಒಳಗೇನಿತ್ತು ಅಂತ ತಿಳಿಯುತ್ತದೆ ಬಿಡು ಅನ್ನುತ್ತಿದ್ದ. ಅಪ್ಪನಿಗೆ ಇದು ಸರಿಬರುತ್ತಿರಲಿಲ್ಲ. "ಮದ್ವೆ ಮಾಡ್ಕಂಡು ಮಕ್ಳಾಡುಸೋ ವಯಸ್ನಾಗೆ ಇವ್ನು ಗೊಂಬೆ ಆಡುಸ್ತಾನೆ" ಎಂದು ಗೊಣಗುತ್ತಿದ್ದ. ಅಜ್ಜಿ ಮಾತ್ರ ಗೂಡುಗಳಿಗೆ ಪೊರಕೆ ತಾಗದ ಹಾಗೆ ಕಸ ಹೊಡೆಯುತ್ತಿದ್ದಳು.

ಆ ಸಂಜೆ ಅವನು ತಂದದ್ದು ಶ್ರುತಿಕವೆ. ಕವಲೊಡೆದ ಉಕ್ಕಿನ ಕಡ್ಡಿ, ಹಿಡಿಯಲು ಒಂದು ಕಾಲು. ಮಂಡಿಗೆ ಬಡಿದು ಕಿವಿಯ ಹತ್ತಿರ ಹಿಡಿದ. ಗುಂಯ್ ಎಂಬ ತೆಳ್ಳನೆಯ ದನಿ, ಎಳೆದರೆ ಮುಗಿಯದ ನೂಲಿನ ಹಾಗೆ. ನಾನು ಕೇಳಿದೆ, ಅಮ್ಮ ಸೌಟು ಹಿಡಿದುಕೊಂಡೇ ಬಂದು ಕೇಳಿದಳು, ಅಪ್ಪನೂ ಬೇಡ ಬೇಡ ಎನ್ನುತ್ತಾ ಕಿವಿ ಕೊಟ್ಟ. "ಜೇನು ಹಾರ್ದಂಗೈತೆ ಕಣ್ಲಾ" ಅಂದ. ಕೊನೆಗೆ ಅಜ್ಜಿಯ ಸರದಿ. ಚಿಕ್ಕಪ್ಪ ಬಡಿದು ಕೊಂಡೊಯ್ಯುವಾಗ ಅವನ ಬೆರಳು ಕವೆಗೆ ತಾಗಿ ಸದ್ದು ಸತ್ತುಹೋಯಿತು. ಅದು ನನಗೂ ಕಂಡಿತು. ಮತ್ತೆ ಬಡಿಯಬೇಕು ಅನ್ನುವಷ್ಟರಲ್ಲಿ ಅಜ್ಜಿ ಮುಖ ಅರಳಿಸಿ, "ಹೂಂ ಕಣಪ್ಪ, ಎಷ್ಟ್ ಚೆಂದಾಗ್ ಕೇಳ್ತದೆ, ಜೇನು ಹಾರ್ದಂಗೆ" ಅಂದಳು. ಅಪ್ಪ ನಕ್ಕ, ಅಮ್ಮ ಒಲೆಗೆ ಮರಳಿದಳು. ಚಿಕ್ಕಪ್ಪ ಮಾತ್ರ ಕವೆಯನ್ನು ಹಿಡಿದುಕೊಂಡು ಅಜ್ಜಿಯ ಮುಖವನ್ನೇ ನೋಡುತ್ತಾ ಕೂತ.

ಮಾರನೆಯ ದಿನ ಭಾನುವಾರ. ಅಪ್ಪ ಅಮ್ಮ ತೋಟಕ್ಕೆ ಹೋಗಿದ್ದರು. ಚಿಕ್ಕಪ್ಪ ಅಜ್ಜಿಯನ್ನು ಹಿತ್ತಲ ಜಗಲಿಯ ಮೇಲೆ ಕೂರಿಸಿ, ಕವೆಯನ್ನು ಬಡಿದು ಬಡಿದು ಒಂದು ಕಿವಿಗೆ, ಇನ್ನೊಂದು ಕಿವಿಗೆ ಹಿಡಿದ. ಅಜ್ಜಿ ಈ ಸಲ ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ನೆಲ ನೋಡುತ್ತಿದ್ದಳು. ಆಗ ಅವನು ಮತ್ತೊಮ್ಮೆ ಬಡಿದು, ಕವೆಯ ಕಾಲನ್ನು ಅವಳ ಹಣೆಯ ಮೂಳೆಗೆ ಒತ್ತಿದ. ಅಜ್ಜಿ ಬೆಚ್ಚಿಬಿದ್ದಳು. ಕೈ ಮೇಲೆತ್ತಿ ಅವನ ಮಣಿಕಟ್ಟನ್ನು ಹಿಡಿದು, ಕವೆ ಹಣೆಯಿಂದ ಸರಿಯದ ಹಾಗೆ ಒತ್ತಿಕೊಂಡಳು. ಸದ್ದು ಆರುವವರೆಗೂ ಹಾಗೇ ಇದ್ದಳು. "ಇನ್ನೊಂದ್ಸಲ" ಅಂದಳು. ಚಿಕ್ಕಪ್ಪ ಇನ್ನೊಂದು ಸಲ, ಮತ್ತೊಂದು ಸಲ ಎಂದು ಬಡಿಯುತ್ತಲೇ ಇದ್ದ. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. ಯಾವುದೋ ಕಾಲದಲ್ಲಿ ಕಿವಿ ಸೋರುತ್ತಿತ್ತಂತೆ, ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಟ್ಟುಕೊಂಡು ಸುಮ್ಮನಾಗಿದ್ದಳಂತೆ. ಆಮೇಲೆ ಸದ್ದು ಒಂದೊಂದಾಗಿ ಹೋಯಿತು. ಎದುರು ಕೂತವರ ಬಾಯಿ ನೋಡಿದರೆ ಅರ್ಧ ತಿಳಿಯುತ್ತಿತ್ತು, ಇನ್ನರ್ಧ ಊಹೆ. ಕಾಯನ್ನು ಅಂಗೈಗೆ ತಾಗುವ ಅದುರಿನಿಂದಲೇ ಗುರುತಿಸುತ್ತಾ ಕಾಲ ತಳ್ಳಿದ್ದಳು. ಕರೆದರೆ ಓಗೊಡದಿದ್ದರೆ ಅಜ್ಜಿಗೆ ಗತ್ತು ಎಂದು ನಾವು ನಗುತ್ತಿದ್ದೆವಲ್ಲ, ಆಗಲೂ ಅವಳು ನಮ್ಮ ಜೊತೆ ನಗುತ್ತಿದ್ದಳು.

"ತಿಪಟೂರಿಗೆ ಹೋಗಾನ ಬಾ ಅವ್ವ, ಕಿವಿ ಡಾಕ್ಟ್ರಿಗೆ ತೋರ್ಸಾನ" ಎಂದು ಚಿಕ್ಕಪ್ಪ ಅವಳ ಮುಖಕ್ಕೆ ಮುಖವಿಟ್ಟು ಹೇಳಿದ. ಅಜ್ಜಿ ಒಲ್ಲೆನೆಂದು ತಲೆಯಾಡಿಸಿದಳು. "ಕಿವಿ ಹೋದೋಳು ಅಂತ ಗೊತ್ತಾದ್ರೆ ನಿಮ್ಮಣ್ಣ ಆ ಏಣಿ ಮುಟ್ಟುಸ್ತಾನೇನ್ಲಾ? ಬ್ಯಾಡ. ಯಾರ್ಗೂ ಹೇಳ್ಬ್ಯಾಡ." ಆಮೇಲೆ ನನ್ನ ಕಡೆ ತಿರುಗಿ, "ನೀನೂವೆ ಮಗ" ಅಂದಳು. ಚಿಕ್ಕಪ್ಪ ಎದ್ದು ಹೋಗಿ ಅಟ್ಟದಿಂದ ಒಂದು ಬಲಿತ ಕಾಯಿ ತಂದ. ಅದನ್ನು ಅವಳ ಹಣೆಗೆ ಒತ್ತಿ ಹಿಡಿದು ಮೆಲ್ಲಗೆ ಅಲ್ಲಾಡಿಸಿದ. ಅಜ್ಜಿಯ ಮುಖ ನೋಡಬೇಕಿತ್ತು ನೀವು. ಕೂಸಿಗೆ ಮೊದಲ ಸಲ ಬೆಲ್ಲ ನೆಕ್ಕಿಸಿದಾಗ ಆಗುವ ಮುಖ ಅದು. ಮೂಳೆಯ ಮೂಲಕ ಸದ್ದು ಒಳಕ್ಕೆ ಹೋಗುತ್ತದೆ ಎಂಬುದನ್ನು ಚಿಕ್ಕಪ್ಪ ನನಗೆ ಆ ದಿನವೇ ತಿಳಿಸಿ ಹೇಳಿದ. ನನ್ನ ಎರಡೂ ಕಿವಿ ಮುಚ್ಚಿಸಿ ಕವೆಯನ್ನು ನನ್ನ ಹಣೆಗೂ ಇಟ್ಟ. ತಲೆಯೊಳಗೆಲ್ಲ ಗುಂಯ್ ಎಂದು ತುಂಬಿಕೊಂಡಿತು. ಪ್ರಪಂಚದಲ್ಲಿ ಇಂಥವೂ ಇವೆ ಎಂಬ ಖುಷಿ ನನಗೆ ಹತ್ತಿದ್ದು ಆಗಲೇ. ಇವತ್ತಿಗೂ ಇಳಿದಿಲ್ಲ.

ಹೀಗೆ ಅಜ್ಜಿ ಮತ್ತೆ ಏಣಿ ಹತ್ತಿದಳು. ಆದರೆ ಈಗ ಕಾಯನ್ನು ಕಿವಿಗೆ ಹಿಡಿಯುತ್ತಿರಲಿಲ್ಲ. ಎರಡೂ ಕೈಯಲ್ಲಿ ಎತ್ತಿ, ಕಣ್ಣು ಮುಚ್ಚಿ, ಹಣೆಗೆ ಒತ್ತಿಕೊಂಡು ಅಲ್ಲಾಡಿಸುತ್ತಿದ್ದಳು. ನೋಡಿದವರಿಗೆ ಏನನ್ನಿಸಬೇಕು ಹೇಳಿ. ಯಾರಾದರೂ ಒಂದು ಪದಾರ್ಥವನ್ನು ಹಣೆಗೆ ಒತ್ತಿ ಕಣ್ಣು ಮುಚ್ಚಿದರೆ ನಮ್ಮ ಜನಕ್ಕೆ ತೋಚುವುದು ಒಂದೇ. ಪುಟ್ಟನಂಜಮ್ಮ ಕಾಯಿಗೆ ನಮಸ್ಕಾರ ಮಾಡಿ ಕೇಳುತ್ತಾಳೆ, ಕಾಯಿ ಹೇಳುತ್ತದೆ ಎಂದು ಸುದ್ದಿಯಾಯಿತು. ಆ ಸಲ ಅವಳು ಹೇಳಿದ ಅಟ್ಟಗಳೆಲ್ಲ ಚೊಕ್ಕವಾಗಿ ಇಳಿದವು, ಕೊಬ್ಬರಿ ಒಡೆದರೆ ಗುಂಡು ಗುಂಡು. ಅಲ್ಲಿಂದ ಶುರುವಾಯಿತು. ಏಣಿಗೆ ಅರಿಶಿನ ಕುಂಕುಮ ಹಚ್ಚಿ ಕರೆಯತೊಡಗಿದರು. ನೊಣವಿನಕೆರೆಯ ಕಡೆಯಿಂದ ಬಸ್ಸಿನಲ್ಲಿ ಬಂದು ಕರೆದುಕೊಂಡು ಹೋದರು. ಕಾಫಿ ಕೊಡುತ್ತಿದ್ದವರು ಎಲೆ ಅಡಿಕೆ ಇಟ್ಟು ಕಾಲಿಗೆ ಬಿದ್ದರು. ಗೂಡುಗಳ ಮುಂದೆ ಕೂತು ಗಾಜು ಒರೆಸುವ ಚಿಕ್ಕಪ್ಪನ ಮುಖ ಸಣ್ಣದಾಯಿತು. "ಅವ್ವ, ಇದು ಸರಿ ಅಲ್ಲ" ಎಂದ ಒಂದು ಸಂಜೆ. ಅಜ್ಜಿ ಅವನ ಬಾಯಿಯನ್ನು ಓದಿ, "ನಾನೇನು ದ್ಯಾವ್ರು ಬತ್ತದೆ ಅಂದ್ನಾ? ಅವ್ರೇ ಅಂದ್ಕಂಡ್ರು. ಕಾಯಿ ಒಳ್ಳೇದು ಬಂದ್ರೆ ಸಾಕು ಬುಡು" ಅಂದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅವಳಿಗೆ ಸಂತೋಷವಾಗಿತ್ತು ಎನ್ನುವುದೂ ಸುಳ್ಳಲ್ಲ. ಎಷ್ಟೋ ಕಾಲದ ಮೇಲೆ ಅವಳ ಬೆನ್ನು ನೆಟ್ಟಗಾಗಿತ್ತು.

ಆಮೇಲೆ ಆದದ್ದನ್ನು ಬರೆಯಲು ಕೈ ಹಿಂಜರಿಯುತ್ತದೆ. ಮುಂದಿನ ವರ್ಷದ ಹೊತ್ತಿಗೆ ಅಜ್ಜಿಯ ಕಿವಿ ಒಳಗಿನಿಂದಲೂ ಆರತೊಡಗಿತು. ಮೂಳೆ ಸದ್ದನ್ನು ತಂದುಕೊಟ್ಟರೂ ತೆಗೆದುಕೊಳ್ಳುವವರು ಒಳಗೆ ಇರಲಿಲ್ಲ. ಅಂಗೈಯಲ್ಲೂ ಮೊದಲಿನ ಜೀವ ಇರಲಿಲ್ಲ, ಬೆರಳು ಜೋಮು ಹಿಡಿಯುತ್ತಿದ್ದವು. ಈ ಸಲ ಚಿಕ್ಕಪ್ಪನಿಗೂ ಹೇಳಲಿಲ್ಲ ಅವಳು. ನಮ್ಮ ಬೀದಿಯ ಕೊನೆ ಮನೆಯ ಗೌರಕ್ಕ ಕರೆದಾಗ ಹೋದಳು. ಗೌರಕ್ಕ ಅಜ್ಜಿಗೆ ತವರಿನ ಕಡೆಯಿಂದ ದೂರದ ನಂಟು, ದಿನಾ ಒಂದು ಸಲವಾದರೂ ನಮ್ಮ ಜಗಲಿಗೆ ಬಂದು ಕೂತು ಹರಟದಿದ್ದರೆ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ. ಗಂಡ ಇಲ್ಲದ ಮನೆ, ಆ ಅಟ್ಟವೇ ಅವಳ ವರ್ಷದ ಗಳಿಕೆ. ಅಜ್ಜಿ ಅಲ್ಲಿ ಏಣಿ ಹತ್ತಿ, ಕಾಯನ್ನು ಹಣೆಗೆ ಒತ್ತಿಕೊಂಡು ತುಂಬ ಹೊತ್ತು ನಿಂತಿದ್ದಳಂತೆ. ಕೊನೆಗೆ "ಇಳ್ಸಿ" ಅಂದಳಂತೆ. ಗೌರಕ್ಕನಿಗೂ ಕೈ ಇತ್ತು, ಕಿವಿ ಇತ್ತು. ತಾನು ಅಲ್ಲಾಡಿಸಿದಾಗ ಕಾಯಿ ಇನ್ನೂ ಮಾತು ಬಿಟ್ಟೇ ಇದೆ ಎಂದು ಅವಳಿಗೆ ಅನ್ನಿಸಿತ್ತು. ಆದರೆ ಪುಟ್ಟನಂಜಕ್ಕ ಇಳಿಸಿ ಎಂದ ಮೇಲೆ ಅವಳು ತನ್ನ ಕಿವಿಯನ್ನೇ ಅನುಮಾನಿಸಿದಳು. ಆಳುಗಳನ್ನು ಕರೆಸಿ ಇಡೀ ಅಟ್ಟ ಇಳಿಸಿ ಸುಲಿಸಿದಳು. ಕರಟ ಒಡೆದರೆ ತಿರುಳು ಕಚ್ಚಿಕೊಂಡು ಚೂರಾಗಿ ಬಂತು. ಅಂಗಳದ ತುಂಬ ಹರಡಿದ್ದ ಆ ಬಿಳಿ ಚೂರುಗಳ ಮೇಲೆ ನಾಲ್ಕು ದಿನ ಮೋಡ ಕವಿಯಿತು, ಹಸಿರು ಬೂಷ್ಟು ಬಂತು. ಬೀದಿಗೆಲ್ಲ ಹುಳಿ ವಾಸನೆ.

ಗೌರಕ್ಕ ಬಂದು ಜಗಳ ತೆಗೆದಿದ್ದರೆ ಚೆನ್ನಾಗಿತ್ತು. ಅವಳು ತೆಗೆಯಲಿಲ್ಲ. ತನ್ನ ಮನೆಯಲ್ಲೇ ಏನೋ ಮೈಲಿಗೆ ಆಗಿರಬೇಕು, ಅಟ್ಟದ ಕೆಳಗೆ ಯಾರೋ ಮುಟ್ಟಬಾರದ್ದು ಮುಟ್ಟಿರಬೇಕು, ಅದಕ್ಕೇ ಅಕ್ಕನ ಮಾತು ಸುಳ್ಳಾಯಿತು ಎಂದು ತೀರ್ಮಾನಿಸಿದಳು. ಮನೆಯಲ್ಲಿದ್ದ ಎಳೆಯ ಸೊಸೆಯನ್ನು ಸಂಶಯದಿಂದ ನೋಡತೊಡಗಿದಳು. ಆ ಹುಡುಗಿ ಅಳುತ್ತಾ ನೀರಿಗೆ ಹೋಗುವುದನ್ನು ಅಜ್ಜಿ ನಮ್ಮ ಜಗಲಿಯಿಂದ ನೋಡಿದಳು. ಅಂದು ಊಟ ಮಾಡಲಿಲ್ಲ. ಬೆಳಗಾದ ಮೇಲೆ ತಾನೇ ಗೌರಕ್ಕನ ಮನೆಗೆ ನಡೆದಳು, ಜೊತೆಗೆ ನಾನಿದ್ದೆ. "ತೆಪ್ಪು ನಂದು ಕಣವ್ವ ಗೌರಿ. ನಂಗೆ ಕಿವಿ ಕೇಳಕ್ಕಿಲ್ಲ. ಏನೂ ಕೇಳ್ದೆ ಇಳ್ಸಿ ಅಂದ್ಬುಟ್ಟೆ. ಆ ಮಗೀನ ಅನ್ಬ್ಯಾಡ." ಗೌರಕ್ಕ ಕೆನ್ನೆ ಕೆನ್ನೆ ಬಡಿದುಕೊಂಡು ಅಜ್ಜಿಯ ಕಾಲಿಗೆ ಬಿದ್ದಳು. "ಏನಕ್ಕ ನಿನ್ ದೊಡ್ಡಗುಣ, ನಮ್ ತೆಪ್ಪ ನಿನ್ ತಲೆ ಮ್ಯಾಲೆ ಹಾಕ್ಕಂತೀಯಲ್ಲ" ಅಂದಳು. ಬಾಗಿಲಲ್ಲಿ ನಿಂತಿದ್ದವರೂ ಹೂಂಗುಟ್ಟಿದರು. ದೊಡ್ಡವರು ಹೀಗೇ ಮಾತಾಡುವುದು ಎಂದರು. ಅಜ್ಜಿ ಅವರವರ ಬಾಯಿಯನ್ನು ನೋಡುತ್ತಾ ನಿಂತಳು. ನಿಜ ಹೇಳಿದರೂ ಯಾರೂ ಕೇಳಿಸಿಕೊಳ್ಳಲಿಲ್ಲ. ಚಿಕ್ಕವಳು ನಾನು, ನನ್ನ ಮಾತನ್ನಂತೂ ಕೇಳುವವರೇ ಇರಲಿಲ್ಲ.

ಸಂಜೆ ಚಿಕ್ಕಪ್ಪ ಬಸ್ಸಿಳಿದು ಬರುವಾಗ ಅಜ್ಜಿ ಬಾಗಿಲಲ್ಲೇ ಕಾದಿದ್ದಳು. "ಆ ಕವೆ ತಕ್ಕಂಬಾ. ಗೌರಿ ಮನೆತಾವ ಎಲ್ರೆದುರ್ಗೆ ಇಟ್ಟು ತೋರ್ಸು" ಅಂದಳು. ಅವನು ಒಪ್ಪಲಿಲ್ಲ. ನಾನೇ ಹೇಳುತ್ತೇನೆ, ಅಣ್ಣನ ಕೈಯಲ್ಲಿ ಹೇಳಿಸುತ್ತೇನೆ ಎಂದು ಸನ್ನೆ ಮಾಡಿದ, ಬಾಯಿ ಮಾಡಿದ. "ಬಾಯ್ಮಾತಿಗೆ ಅವ್ರು ನನ್ ಕಾಲಿಗೆ ಬೀಳ್ತಾರೆ ಕಣ್ಲಾ. ಆ ಹೆಣ್ಮಗ ಅಳ್ತಾ ಅವ್ಳೆ." ಅಪ್ಪನಿಗೆ ಎಲ್ಲ ತಿಳಿದದ್ದು ಆಗಲೇ. "ಮನೆ ಮರ್ವಾದೆ ಬೀದೀಲಿ ಹರಾಜ್ ಹಾಕ್ತೀರಾ" ಎಂದು ಕೂಗಾಡಿದ. ಅಜ್ಜಿಗೆ ಅದೂ ಕೇಳಿಸಲಿಲ್ಲ.

ಗೌರಕ್ಕನ ಅಂಗಳದಲ್ಲಿ ಇನ್ನೂ ಬೆಳಕಿತ್ತು. ಬೂಷ್ಟು ಹಿಡಿದ ಚೂರುಗಳನ್ನು ಒಂದು ಮೂಲೆಗೆ ಗುಡಿಸಿದ್ದರು. ಚಿಕ್ಕಪ್ಪ ಕವೆಯನ್ನು ಬಡಿದು, ಒಂದು ಬಟ್ಟಲು ನೀರಿಗೆ ತಾಗಿಸಿದ, ನೀರು ಚಿಮ್ಮಿತು. ಸದ್ದು ಇದೆ ಎಂದು ಎಲ್ಲರ ಕಿವಿಗೂ ಹಿಡಿದು ತೋರಿಸಿದ. ಗೌರಕ್ಕ ಕೇಳಿದಳು, ಸೊಸೆ ಕೇಳಿದಳು, ಸೇರಿದ್ದ ಹೆಂಗಸರೆಲ್ಲ ಕೇಳಿದರು. ಆಮೇಲೆ ಅಜ್ಜಿಯನ್ನು ಮಣೆಯ ಮೇಲೆ ಕೂರಿಸಿದರು. ನೋಡಿ ಹೇಳಿದಳು ಎನ್ನಬಾರದು ಎಂದು ಅವಳೇ ಸೆರಗನ್ನು ಕಣ್ಣಿಗೆ ಕಟ್ಟಿಕೊಂಡಳು. ಚಿಕ್ಕಪ್ಪ ಬಡಿದ. ಬಲಗಿವಿಗೆ ಹಿಡಿದ. ಸದ್ದು ಅಂಗಳದ ತುಂಬ ಹರಡಿ ಆರಿತು. ಎಡಗಿವಿಗೆ ಹಿಡಿದ. ಮತ್ತೆ ಬಲಗಿವಿಗೆ. ಅಜ್ಜಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಪಾಠ ಒಪ್ಪಿಸಲು ಕೂತ ಹುಡುಗಿಯ ಹಾಗೆ ನೆಟ್ಟಗೆ ಕೂತಿದ್ದಳು. ಕೊನೆಗೆ ಬೇಸರವಾದ ದನಿಯಲ್ಲಿ ಕೇಳಿದಳು. "ಯಾವಾಗ್ಲಾ ಸುರು ಮಾಡೋದು ಸದಾಶಿವ?"

ಗೌರಕ್ಕ ಬಾಯಿಗೆ ಸೆರಗು ತುಂಬಿಕೊಂಡಳು. ಸೊಸೆ ಬಂದು ಅಜ್ಜಿಯ ಕಣ್ಣಿನ ಕಟ್ಟು ಬಿಚ್ಚಿದಳು. ಯಾರೂ ಒಂದು ಕೆಟ್ಟ ಮಾತು ಆಡಲಿಲ್ಲ. ನಮ್ಮೂರಿನ ಬಗ್ಗೆ ನಾನು ಸುಳ್ಳು ಹೇಳಬಾರದು. ಒಬ್ಬೊಬ್ಬರಾಗಿ ಎದ್ದು ಹೋದರು. ಅಂದಿನಿಂದ ಏಣಿಗೆ ಕರೆಯುವವರು ಬರಲಿಲ್ಲ, ಅದು ಗೊತ್ತಿದ್ದದ್ದೇ. ಗೊತ್ತಿಲ್ಲದ್ದು ಬೇರೆ ಇತ್ತು. ಅಜ್ಜಿಗೆ ಕಿವಿ ಕೇಳುವುದಿಲ್ಲ ಎಂದು ಊರಿಗೆ ತಿಳಿಯುವವರೆಗೂ ಎಲ್ಲರೂ ಅವಳ ಜೊತೆ ಮಾತಾಡುತ್ತಿದ್ದರು. ಹಾಲಿನವನು ಮಳೆಯ ವಿಷಯ ಹೇಳುತ್ತಿದ್ದ, ಬಳೆಗಾರನು ಅವಳ ತವರಿನ ಸುದ್ದಿ ತರುತ್ತಿದ್ದ, ಗೌರಕ್ಕ ದಿನಾ ಜಗಲಿಯಲ್ಲಿ ಕೂತು ಇಡೀ ಬೀದಿಯನ್ನು ಆಡಿಕೊಳ್ಳುತ್ತಿದ್ದಳು. ಅಜ್ಜಿ ಬಾಯಿ ನೋಡಿ, ಊಹಿಸಿ, ತಪ್ಪು ತಪ್ಪಾಗಿ ಆದರೂ ಉತ್ತರ ಕೊಟ್ಟು, ಜೀವ ತುಂಬಿಕೊಂಡು ಬದುಕಿದ್ದಳು. ತಿಳಿದ ಮೇಲೆ ಮಾತು ನಿಂತಿತು. ಕೇಳದವಳಿಗೆ ಏನು ಹೇಳುವುದು ಎಂದು ಕೈಯಾಡಿಸಿ ಮುಂದೆ ಹೋದರು. ಗೌರಕ್ಕ ಬರುತ್ತಿದ್ದಳು, ಕೂರುತ್ತಿದ್ದಳು, ಕಣ್ಣು ಒರೆಸಿಕೊಂಡು ಎದ್ದು ಹೋಗುತ್ತಿದ್ದಳು. ನಮ್ಮ ಮನೆಯಲ್ಲೂ ಮಾತೆಲ್ಲ ಸನ್ನೆಯಾಯಿತು. ಬಾಯಿಗೆ ಕೈ ತೋರಿಸಿದರೆ ಊಟ, ಕೆನ್ನೆಗೆ ಕೈ ಇಟ್ಟರೆ ನಿದ್ದೆ. ಇಡೀ ದಿನ ಅವಳಿಗೆ ಸಿಗುತ್ತಿದ್ದದ್ದು ಅಷ್ಟೇ.

ನಿಜವನ್ನು ತೋರಿಸುವ ಸಾಮಾನು ಎಂದು ಯಾರಾದರೂ ಹೊಗಳಿದರೆ ನನಗೆ ಆ ಅಂಗಳ ನೆನಪಾಗುತ್ತದೆ. ಗೌರಕ್ಕನ ಸೊಸೆಯ ಕಣ್ಣೀರು ನಿಂತಿತು, ಅದು ದೊಡ್ಡದು, ಅಜ್ಜಿ ಬೇಡಿದ್ದೂ ಅಷ್ಟನ್ನೇ. ಚಿಕ್ಕಪ್ಪ ಆಮೇಲೆ ಹೊಸದೇನನ್ನೂ ತರಲಿಲ್ಲ. ಗೂಡುಗಳಲ್ಲಿ ಇದ್ದದ್ದನ್ನು ಒರೆಸುವುದನ್ನೂ ಬಿಟ್ಟ. ನಾನು ಹೈಸ್ಕೂಲಿಗೆ ಸೇರಿದಾಗ ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿ ನನಗೆ ಕೊಟ್ಟುಬಿಟ್ಟ, ಕವೆಯೊಂದನ್ನು ಬಿಟ್ಟು. ಅದನ್ನು ಏನು ಮಾಡಿದ ಎಂದು ನಾನು ಕೇಳಲಿಲ್ಲ. ಈಗ ಅಜ್ಜಿಯೂ ಇಲ್ಲ, ಅವನೂ ಇಲ್ಲ. ಮನೆ ಇದ್ದ ಜಾಗದಲ್ಲಿ ಅಪ್ಪ ಇರುವಾಗಲೇ ತಾರಸಿ ಮನೆ ಎದ್ದಿತು, ಕಾಯಿಗೆ ತೋಟದಲ್ಲೇ ಶೀಟಿನ ಗೋದಾಮು ಬಂತು. ದೀಪದ ಗೂಡುಗಳಿದ್ದ ಗೋಡೆಯ ಮಣ್ಣು ತೋಟದ ಬದುವಿಗೆ ಹೋಯಿತು. ನಾನು ಕೊಳ್ಳುತ್ತಲೇ ಇದ್ದೇನೆ. ಅವನು ನಿಲ್ಲಿಸಿದ್ದನ್ನು ಯಾರಾದರೂ ಮುಂದುವರಿಸಬೇಕು ಅನ್ನಿಸುತ್ತದೆ. ಕೆಲವು ದಿನ ಅದೆಲ್ಲ ಬರೀ ನೆಪ, ನನಗೆ ಹುಚ್ಚು ಅಷ್ಟೆ ಅನ್ನಿಸುತ್ತದೆ.

ಅಜ್ಜಿಯ ಕೊನೆಯ ಬೇಸಿಗೆಯ ಒಂದು ಸಂಜೆ ಮಾತ್ರ ಮತ್ತೆ ಮತ್ತೆ ಬರುತ್ತದೆ. ಅಷ್ಟು ಹೊತ್ತಿಗೆ ಚಿಕ್ಕಪ್ಪ ಒಂದು ರೂಢಿ ಮಾಡಿಕೊಂಡಿದ್ದ. ಬಸ್ಸಿಳಿದು ಬಂದವನು ನೇರವಾಗಿ ಜಗಲಿಗೆ ಹೋಗಿ ಅಜ್ಜಿಯ ಪಕ್ಕ ಕೂತು ಮಾತಾಡುತ್ತಿದ್ದ. ಸನ್ನೆ ಇಲ್ಲ, ಕೂಗಾಟ ಇಲ್ಲ, ಮಾಮೂಲು ದನಿ. ಇವತ್ತು ಬಸ್ಸು ಕೆಟ್ಟು ನಿಂತದ್ದು, ಸ್ಕೂಲಿನಲ್ಲಿ ಯಾವ ಮೇಷ್ಟರು ಯಾರ ಮೇಲೆ ರೇಗಿದ್ದು, ಕೆರೆ ಏರಿಯ ಮೇಲೆ ಎಮ್ಮೆಗಳು ಅಡ್ಡ ಬಂದದ್ದು. ಅಜ್ಜಿ ತಲೆ ಬಗ್ಗಿಸಿ ಹತ್ತಿಯ ಬತ್ತಿ ಹೊಸೆಯುತ್ತಾ ಆಗಾಗ ಹೂಂ ಅನ್ನುತ್ತಿದ್ದಳು, ಕಥೆ ಕೇಳುವವರು ಹೂಂಗುಟ್ಟುವ ಹಾಗೆ. ಅಮ್ಮ ಒಮ್ಮೆ ತಡೆಯಲಾರದೆ ಕೇಳಿದಳು, "ಅತ್ತೆಗೆ ಕೇಳಕ್ಕಿಲ್ವಲ್ಲ, ಯಾಕಪ್ಪ ಅಷ್ಟೊಂದು ಹೇಳ್ತೀಯ?" ಚಿಕ್ಕಪ್ಪ, "ಕೇಳಕ್ಕಿಲ್ಲ ಅಂತ ಊರಿಗೆಲ್ಲ ತೋರ್ಸಿದೋನು ನಾನೇ ಅಲ್ವಾ ಅತ್ಗೆ" ಅಂದ. ನಾನು ಹೇಳಿದ ಆ ಸಂಜೆ, ಮಾತಿನ ನಡುವೆ ಅಪ್ಪ ತೋಟದ ಕಡೆಯಿಂದ ಕೂಗಿದ. ಚಿಕ್ಕಪ್ಪ ಎದ್ದು, ಚಪ್ಪಲಿ ಮೆಟ್ಟಿಕೊಂಡು ಹೋದ. ಅಜ್ಜಿ ತಲೆ ಎತ್ತಲಿಲ್ಲ. ಅವನು ಹೋದದ್ದು ಅವಳಿಗೆ ತಿಳಿಯಲಿಲ್ಲ. ಖಾಲಿ ಜಗಲಿಗೆ ಹೂಂ ಅಂದಳು. ಸ್ವಲ್ಪ ತಡೆದು ಮತ್ತೊಮ್ಮೆ ಹೂಂ ಅಂದಳು. ನಾನು ಹೋಗಿ ಅವನು ಕೂತಿದ್ದ ಕಡೆ ಸದ್ದಿಲ್ಲದೆ ಕೂತೆ. ಗಣಿತದಲ್ಲಿ ಎಷ್ಟು ಬಂತು, ಯಾರ ಜೊತೆ ಟೂ ಬಿಟ್ಟಿದ್ದೇನೆ ಎಂದು ಶುರು ಮಾಡಿದೆ. ಕತ್ತಲಾಗುವವರೆಗೂ ಅಜ್ಜಿ ಹೂಂ ಅನ್ನುತ್ತಲೇ ಇದ್ದಳು, ಮಗನ ಮಾತಿಗೆ.